ಬಾಡೆನ್-ಬಾಡೆನ್‌ಗೆ ಇಬ್ಬರೇ ಹೋಗಿಬರುವವರಿಗೆ

ಜರ್ಮನಿಯ ಬಾಡೆನ್-ಬಾಡೆನ್‌ಗೆ ಟಿಕೆಟ್ ಬುಕ್ ಮಾಡುವ ಮುಂಚೆ ಗಂಡ ಹೆಂಡತಿ ಕೂತು ಒಂದು ವಿಷಯ ಮಾತಾಡಿಕೊಳ್ಳಿ. ಫ್ರೀಡ್ರಿಶ್‌ಬಾಡ್‌ಗೆ ಹೋಗೋದಾ, ಕಾರಕಲ್ಲಾಗೆ ಹೋಗೋದಾ? ಇವೆರಡೂ ಊರಿನ ದೊಡ್ಡ ಬಿಸಿನೀರಿನ ಸ್ನಾನದ ಮನೆಗಳು. ಅಕ್ಕಪಕ್ಕದಲ್ಲೇ ಇವೆ, ಆದರೆ ಒಳಗಿನ ರೀತಿಯೇ ಬೇರೆ. ಇದು ತೀರ್ಮಾನವಾದರೆ ಮಿಕ್ಕ ಪ್ಲಾನ್ ತಾನಾಗಿ ಕೂಡಿಬರುತ್ತದೆ.

ಯಾಕೆ ಹೀಗೆ ಹೇಳುತ್ತೇನೆಂದರೆ, ಈ ಊರು ಇರುವುದೇ ಬಿಸಿನೀರಿನಿಂದ. ಊರ ನಡುವಿನ ಫ್ಲೋರೆಂಟಿನರ್‌ಬರ್ಗ್ ಗುಡ್ಡದ ಅಡಿಯಿಂದ ಸುಮಾರು 68 ಡಿಗ್ರಿ ಬಿಸಿಯ ನೀರು ತಾನಾಗಿ ಮೇಲೆ ಬರುತ್ತದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಇಲ್ಲಿ ಸ್ನಾನದ ಮನೆ ಕಟ್ಟಿದರು. ಅದರ ಅವಶೇಷ ಫ್ರೀಡ್ರಿಶ್‌ಬಾಡ್ ಕಟ್ಟಡದ ಕೆಳಗೇ ಇದೆ. 2021ರಲ್ಲಿ ಯುನೆಸ್ಕೋ ಯುರೋಪಿನ 11 ಸ್ಪಾ ಊರುಗಳನ್ನು ಒಟ್ಟಿಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದರಲ್ಲಿ ಇದೂ ಒಂದು.

ಮೊದಲು ಫ್ರೀಡ್ರಿಶ್‌ಬಾಡ್ ವಿಷಯ. 1877ರಲ್ಲಿ ಶುರುವಾದದ್ದು. ಒಳಗೆ ಮೈಮೇಲೆ ಒಂದು ಬಟ್ಟೆಯೂ ಇರುವಂತಿಲ್ಲ. ಈಜುಡುಗೆಗೂ ಅವಕಾಶ ಇಲ್ಲ. ನಮ್ಮ ಕಡೆಯವರು ಇಷ್ಟು ಕೇಳಿದ ಕೂಡಲೇ ಬೇಡ ಅಂದುಬಿಡುತ್ತಾರೆ. ನನಗೂ ಅಳುಕು ಇತ್ತು. ಕೆಲವು ದಿನ ಹೆಂಗಸರು ಗಂಡಸರು ಬೇರೆ ಬೇರೆ, ಕೆಲವು ದಿನ ಎಲ್ಲರೂ ಒಟ್ಟಿಗೆ. ಯಾವ ದಿನ ಯಾವುದು ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಟಿಕೆಟ್ ತೆಗೆದುಕೊಳ್ಳಿ. ಬೇರೆ ಬೇರೆ ಇರುವ ದಿನವೂ ನಡುವಿನ ಗುಮ್ಮಟದ ಕೊಳ ಇಬ್ಬರಿಗೂ ಒಂದೇನಾ ಅಂತ ಕೌಂಟರಿನಲ್ಲಿ ಕೇಳಿಬಿಡಿ. ಮೊದಲ ಸಲ ಹೋಗುವ ಹೆಂಗಸರಿಗೆ ಬೇರೆ ಬೇರೆ ಇರುವ ದಿನವೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಒಳಗೆ 17 ಹಂತ. ಎಲ್ಲಿ ಎಷ್ಟು ನಿಮಿಷ ಇರಬೇಕು ಅಂತ ಗೋಡೆಯ ಮೇಲೆ ಬರೆದಿರುತ್ತದೆ, ಸುಮ್ನೆ ಅದರಂತೆ ಹೋಗುತ್ತಿದ್ದರೆ ಸಾಕು. ಶವರ್ ಆದಮೇಲೆ 54 ಡಿಗ್ರಿಯ ಬಿಸಿಗಾಳಿ ಕೋಣೆ, ಆಮೇಲೆ 68 ಡಿಗ್ರಿಯದು. ಗೋಡೆ ತುಂಬ ಚಿತ್ರದ ಟೈಲ್ಸ್. ಮರದ ಮಂಚ ಕಾದಿರುತ್ತದೆ, ಅದಕ್ಕೇ ಹಾಸಲು ಬಟ್ಟೆ, ಕಾಲಿಗೆ ಚಪ್ಪಲಿ ಕೊಡುತ್ತಾರೆ. ಆಮೇಲೆ ಸೋಪು ಬ್ರಷ್ ಮಸಾಜ್. ನೊರೆ ಹಚ್ಚಿ ಬೆನ್ನು, ತೋಳು, ಕಾಲು ಎಲ್ಲ ಉಜ್ಜುತ್ತಾರೆ. ಮೆತ್ತಗಿನ ಬ್ರಷ್ ಬೇಕಾ, ಗಟ್ಟಿಯದಾ ಅಂತ ಕೇಳುತ್ತಾರೆ. ಮೆತ್ತಗಿನದೇ ಸಾಕು ಅನ್ನಿ, ಅದೇ ಚೆನ್ನಾಗಿ ಉಜ್ಜುತ್ತದೆ. ಇಷ್ಟು ಹೊತ್ತಿಗೆ ಮೈಮೇಲೆ ಬಟ್ಟೆ ಇಲ್ಲ ಅನ್ನುವುದು ಮರೆತೇ ಹೋಗಿರುತ್ತದೆ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಎಪ್ಪತ್ತರ ಅಜ್ಜಿಯರೂ ಇರುತ್ತಾರೆ, ಇಪ್ಪತ್ತರ ಹುಡುಗಿಯರೂ ಇರುತ್ತಾರೆ.

ಮಸಾಜ್ ಆದಮೇಲೆ ಹಬೆ ಕೋಣೆಗಳು, ಅವು ಮುಗಿದ ಮೇಲೆ ಕೊಳಗಳು. 36 ಡಿಗ್ರಿ, ಆಮೇಲೆ 34, ಆಮೇಲೆ ದೊಡ್ಡ ಗುಮ್ಮಟದ ಕೆಳಗಿನ 28 ಡಿಗ್ರಿಯ ಕೊಳ. ಬಿಸಿ ಇಳಿಯುತ್ತಾ ಹೋಗುವ ಈ ಲೆಕ್ಕವೇ ಮೈ ಹಗುರ ಮಾಡುವುದು. ಕೊನೆಗೆ 18 ಡಿಗ್ರಿಯ ತಣ್ಣೀರು. ಅದಕ್ಕೆ ಇಳಿಯಲೇಬೇಕು ಅಂತ ಬಲವಂತ ಇಲ್ಲ, ಆದರೆ ಇಳಿಯಿರಿ. ಆಮೇಲೆ ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ, ಕಂಬಳಿ ಹೊದಿಸಿ ಅರ್ಧ ಗಂಟೆ ಮಲಗಿಸುತ್ತಾರೆ. ಎಣ್ಣೆನೀರು ಎರೆದುಕೊಂಡ ಮೇಲೆ ಅಮ್ಮ ಕಂಬಳಿ ಹೊದಿಸಿ ಮಲಗಿಸುತ್ತಿದ್ದಾಗ ಬರುತ್ತಿತ್ತಲ್ಲ, ಅಂಥದೇ ನಿದ್ದೆ. ಕಂಪ್ಯೂಟರ್ ಮುಂದೆ ಕೂತು ಕೂತು ನಮ್ಮವರ ಸೊಂಟ ಹಿಡಿದುಕೊಂಡಿತ್ತು. ಅವತ್ತು ಸಂಜೆ ಕೈ ಊರದೆ ಕುರ್ಚಿಯಿಂದ ಎದ್ದರು.

ಎಲ್ಲ ಸೇರಿ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಹೊಟ್ಟೆ ತುಂಬ ಉಂಡು ಹೋಗಬೇಡಿ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ.

ಕಾರಕಲ್ಲಾ 1985ರದು, ಹೊಸ ಕಾಲದ್ದು. ಕೊಳಗಳಲ್ಲಿ ಈಜುಡುಗೆ ಹಾಕಿಕೊಂಡೇ ಇರಬೇಕು, ಗಂಡ ಹೆಂಡತಿ ಪೂರ್ತಿ ಹೊತ್ತು ಒಟ್ಟಿಗೆ ಇರಬಹುದು. ಬಯಲಿನಲ್ಲೂ ಬಿಸಿನೀರಿನ ಕೊಳ ಇದೆ, ಚಳಿಗಾಲದಲ್ಲಿ ಅದು ಬಹಳ ಹಿತ. ಮೇಲಿನ ಸೌನಾ (ಬಿಸಿಗಾಳಿ ಕೋಣೆ) ಮಹಡಿಗೆ ಮಾತ್ರ ಬಟ್ಟೆ ಇಲ್ಲದೆ ಹೋಗಬೇಕು, ಬೇಡವಾದರೆ ಮೆಟ್ಟಿಲು ಹತ್ತಬೇಡಿ, ಅಷ್ಟೇ. ಟವೆಲ್ ಮನೆಯಿಂದಲೇ ಒಯ್ದರೆ ಬಾಡಿಗೆ ಉಳಿಯುತ್ತದೆ. ಎರಡು ರಾತ್ರಿ ಇರುವವರು ದಿನಕ್ಕೊಂದರಂತೆ ಎರಡನ್ನೂ ಮಾಡಿ. ಒಂದೇ ಆಗುವುದಾದರೆ ನನ್ನ ಓಟು ಫ್ರೀಡ್ರಿಶ್‌ಬಾಡ್‌ಗೆ. ಆದರೆ ಇಬ್ಬರಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಲೇಬೇಡಿ, ಆರಾಮಕ್ಕೆ ಅಂತ ತಾನೇ ಹೋಗುವುದು.

ಹೋಗುವುದು ಸುಲಭ. ಫ್ರಾಂಕ್‌ಫರ್ಟಿನಿಂದ ಐಸಿಇ ಅನ್ನುವ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ನಮ್ಮ ಹಾಗೆ ಸ್ಟುಟ್‌ಗಾರ್ಟ್ ಕಡೆಯಿಂದ ಹೋಗುವವರು ಕಾರ್ಲ್ಸ್‌ರೂಹೆಯಲ್ಲಿ ರೈಲು ಬದಲಿಸಿ. ಇಬ್ಬರಿಗೂ ಸೇರಿ ಒಂದೇ ಬಾಡೆನ್-ವ್ಯುರ್ಟೆಂಬೆರ್ಗ್ ಟಿಕೆಟ್ (ಈ ರಾಜ್ಯದೊಳಗೆ ಓಡಾಡುವ ಒಂದು ದಿನದ ಟಿಕೆಟ್) ತೆಗೆದುಕೊಂಡರೆ ಖರ್ಚು ಕಡಿಮೆ. ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೆ ನಡೆಯುತ್ತದೆ, ಐಸಿಇ, ಐಸಿ ರೈಲುಗಳಲ್ಲಿ ನಡೆಯುವುದಿಲ್ಲ. ರೈಲು ನಿಲ್ದಾಣ ಇರುವುದು ಊರಾಚೆ, ಓಸ್ ಅನ್ನುವ ಕಡೆ. ಅಲ್ಲಿಂದ ಲಿಯೋಪೋಲ್ಡ್ಸ್‌ಪ್ಲಾಟ್ಸ್‌ಗೆ 201 ನಂಬರ್ ಬಸ್ ಹಿಡಿಯಿರಿ. ಆ ಚೌಕದಿಂದ ನಡೆದು ಹೋಗುವಷ್ಟು ದೂರದಲ್ಲಿ ಹೋಟೆಲ್ ಮಾಡಿದರೆ ಸ್ನಾನ ಮುಗಿಸಿ ಸೀದಾ ರೂಮಿಗೆ ಬಂದು ಒರಗಬಹುದು. ಇದಕ್ಕೆ ಹತ್ತು ಯೂರೋ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ರೂಮ್ ಬಾಡಿಗೆ ಮೇಲೆ ಕುರ್‌ಟಾಕ್ಸೆ ಅಂತ ದಿನಕ್ಕೆ ತಲೆಗಿಷ್ಟು ತೆರಿಗೆ ಸೇರುತ್ತದೆ.

ಸ್ನಾನ ಬಿಟ್ಟರೆ ನಡೆಯುವುದಕ್ಕೆ 'ಲಿಶ್ಟೆನ್‌ಟಾಲರ್ ಅಲೇ' ಅನ್ನುವ ಜಾಗ ಇದೆ. ಓಸ್ ಹೊಳೆಯ ದಡದಲ್ಲೇ ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಸಾಲುಮರದ ದಾರಿ. ಕೊನೆಯಲ್ಲಿ 1245ರಲ್ಲಿ ಶುರುವಾದ ಸನ್ಯಾಸಿನಿಯರ ಮಠ. ಜೂನ್‌ನಲ್ಲಾದರೆ ನಡುವೆ ಗೋನರ್‌ಆನ್‌ಲಾಗೆ ತೋಟದ ಗುಲಾಬಿ ನೋಡದೆ ಬರಬೇಡಿ. ಬೆಂಚು ಬೇಕಾದಷ್ಟಿವೆ. ಒಂದು ಮಧ್ಯಾಹ್ನ ಪೂರ್ತಿ ಇದಕ್ಕೇ ಬಿಡಿ.

ಕುರ್‌ಹೌಸ್ ಅನ್ನುವ ಹಳೆಯ ಸಭಾಭವನದ ಕ್ಯಾಸಿನೋ ಬೆಳಿಗ್ಗೆ ಗೈಡ್ ಜೊತೆ ನೋಡಬಹುದು, ಜೂಜಾಡಬೇಕಾಗಿಲ್ಲ. 1867ರಲ್ಲಿ ರಷ್ಯಾದ ಕಾದಂಬರಿಕಾರ ದೊಸ್ತೋಯೆವ್‌ಸ್ಕಿ ಜೂಜಾಡಿ ಹಣ ಕಳೆದುಕೊಂಡದ್ದು ಈ ಊರಿನಲ್ಲೇ. ರಾತ್ರಿ ಆಟಕ್ಕೆ ಹೋಗುವವರಿಗೆ 21 ವರ್ಷ ಆಗಿರಬೇಕು, ಪಾಸ್‌ಪೋರ್ಟ್ ಬೇಕು, ಗಂಡಸರು ಕೋಟು ಒಯ್ಯಬೇಕು. ಆಕಾಶ ತಿಳಿಯಾಗಿದ್ದರೆ ಮೆರ್ಕುರ್ ಬೆಟ್ಟಕ್ಕೂ ಹೋಗಿ. 668 ಮೀಟರ್ ಎತ್ತರ. ಕಡಿದಾದ ಹಳಿಯ ಮೇಲೆ 1913ರಿಂದ ಪುಟ್ಟ ರೈಲು ಓಡುತ್ತದೆ. ಮೇಲಿನಿಂದ ರೈನ್ ಕಣಿವೆ, ಅದರಾಚೆ ಫ್ರಾನ್ಸಿನ ಬೆಟ್ಟಸಾಲು ಕಾಣುತ್ತದೆ.

ಸಸ್ಯಾಹಾರಿಗಳಿಗೆ ಕೇಸೆಶ್ಪೆಟ್ಸ್‌ಲೆ ಇದೆ. ಮೆತ್ತಗಿನ ಹಿಟ್ಟಿನ ಎಳೆಗಳಿಗೆ ಚೀಸ್ ಕರಗಿಸಿ, ಮೇಲೆ ಕರಿದ ಈರುಳ್ಳಿ ಹಾಕಿಕೊಡುತ್ತಾರೆ. ಹೊಟ್ಟೆ ಗಟ್ಟಿ ತುಂಬುತ್ತದೆ. ಫ್ಲಾಮ್‌ಕುಖೆನ್ (ತೆಳ್ಳನೆ ಪಿಜ್ಜಾದಂಥದ್ದು) ತೆಗೆದುಕೊಂಡರೆ 'ಓನೆ ಶ್ಪೆಕ್' ಅಂತ ಹೇಳಲೇಬೇಕು, ಇಲ್ಲದಿದ್ದರೆ ಹಂದಿಮಾಂಸದ ಚೂರು ಹಾಕಿ ತರುತ್ತಾರೆ. ಬ್ಲ್ಯಾಕ್ ಫಾರೆಸ್ಟ್ ಕೇಕಿಗೆ ಇಲ್ಲಿ ಚೆರ್ರಿಯಿಂದ ಇಳಿಸಿದ ಮದ್ಯ ಹಾಕುತ್ತಾರೆ, ಮುಟ್ಟದವರು ಗಮನಿಸಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಣ್ಣು, ಮೊಸರು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ.

ಇನ್ನು ಯಾವಾಗ ಹೋಗುವುದು ಅಂದರೆ, ಆಗಸ್ಟ್ ಕೊನೆಯ ಹೊತ್ತಿಗೆ ಪಕ್ಕದ ಇಫೆಟ್ಸ್‌ಹೈಮ್‌ನಲ್ಲಿ ದೊಡ್ಡ ಕುದುರೆ ರೇಸ್ ನಡೆಯುತ್ತದೆ. ಆಗ ರೂಮ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅದನ್ನು ಬಿಟ್ಟು ಬೇರೆ ದಿನ ನೋಡಿಕೊಳ್ಳಿ. ರಜೆ ಸಿಗುವ ಹಾಗಿದ್ದರೆ ಶನಿವಾರ ಭಾನುವಾರ ಬಿಟ್ಟು ವಾರದ ನಡುವೆ ಹೋಗಿ, ಸ್ನಾನದ ಮನೆಗಳಲ್ಲೂ ರಶ್ ಕಡಿಮೆ ಇರುತ್ತದೆ.