ಎಲೆಕ್ಟ್ರಾನಿಕ್ಸ್ ಲ್ಯಾಬಿನ ಕ್ಯಾನ್‌ಸ್ಯಾಟ್

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕ್ಯಾನ್‌ಸ್ಯಾಟ್, ಅಂದರೆ ಡಬ್ಬಿಯಷ್ಟೇ ಗಾತ್ರದ ಅಣಕು ಉಪಗ್ರಹ, ಆರಿಸಿಕೊಂಡವರು ಮೊದಲು ತಕ್ಕಡಿ ಹುಡುಕುತ್ತಿದ್ದರು. 66 ಮಿ.ಮೀ. ವ್ಯಾಸ, 115 ಮಿ.ಮೀ. ಎತ್ತರದ ಡಬ್ಬಿ, ತೂಕ 350 ಗ್ರಾಂ ಮೀರುವಂತಿಲ್ಲ. ಇದು ಕಕ್ಷೆಗೆ ಹೋಗುವ ವಸ್ತುವಲ್ಲ. ಮೇಲಿಂದ ಬಿಟ್ಟರೆ ಇಳಿಯುತ್ತ ಗಾಳಿಯ ಒತ್ತಡ, ಉಷ್ಣತೆಯ ಅಳತೆಯನ್ನು ರೇಡಿಯೋದಲ್ಲಿ ಕಳಿಸುತ್ತದೆ, ಅಷ್ಟೇ. ಬೆಂಗಳೂರು, ಹೈದರಾಬಾದಿನ ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ಉಪಗ್ರಹ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಏರಿತ್ತು. ಅದರ ಹುಮ್ಮಸ್ಸು ಲ್ಯಾಬಿನಲ್ಲೂ ಇತ್ತು.

ಡಬ್ಬಿ ಕೈಕೊಡುತ್ತಿದ್ದುದು ಹೆಚ್ಚಾಗಿ ವಿದ್ಯುತ್ತಿನಲ್ಲಿ. 18650 ಅನ್ನುವ ಒಂದೇ ಲಿಥಿಯಂ ಸೆಲ್ಲು, ವೋಲ್ಟೇಜನ್ನು ಬೋರ್ಡಿಗೆ ಬೇಕಾದ 3.3ಕ್ಕೆ ಇಳಿಸುವ ಅಗ್ಗದ 1117 ರೆಗ್ಯುಲೇಟರು. ಆ ರೆಗ್ಯುಲೇಟರಿಗೆ ತನ್ನ ಪಾಲಿಗೇ ಸುಮಾರು ಒಂದು ವೋಲ್ಟ್ ಬೇಕು, 3.7 ವೋಲ್ಟಿನ ಸೆಲ್ಲಿನಿಂದ 3.3 ಬರುವುದೆಲ್ಲಿಂದ? ಟೇಬಲ್ ಮೇಲೆ ಯುಎಸ್‌ಬಿಯ 5 ವೋಲ್ಟಿನಲ್ಲಿ ಎಲ್ಲಾ ಬರೋಬ್ಬರಿ. ಸೆಲ್ಲಿಗೆ ಹಾಕಿದ ಮೇಲೆ, ಡೇಟಾ ದೂರಕ್ಕೆ ಕಳಿಸುವ ಲೋರಾ ರೇಡಿಯೋ 100 ಮಿಲಿ ಆಂಪಿಯರ್‌ಗೂ ಹೆಚ್ಚು ಎಳೆದ ಕ್ಷಣ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್. ಅದೇ ಗಳಿಗೆಯಲ್ಲಿ ಎಸ್‌ಡಿ ಕಾರ್ಡಿಗೆ ಬರೆಯುತ್ತಿದ್ದರೆ ಫೈಲೂ ಕೆಡುತ್ತದೆ. ಕಡಿಮೆ ಡ್ರಾಪ್‌ಔಟಿನ, ಅಂದರೆ ತನ್ನ ಪಾಲಿಗೆ ಕಡಿಮೆ ವೋಲ್ಟ್ ಸಾಕಾಗುವ ರೆಗ್ಯುಲೇಟರು, ರೇಡಿಯೋ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿದರೆ ಸರಿಹೋಗುತ್ತಿತ್ತು. ಆಂಟೆನಾ ಇಲ್ಲದೆ ರೇಡಿಯೋ ಚಾಲೂ ಮಾಡಿದರೆ ಅದರ ಆಂಪ್ಲಿಫೈಯರೇ ಸುಡಬಹುದು. ರೇಡಿಯೋದ 866 ಮೆಗಾಹರ್ಟ್ಸಿಗೆ ಆಂಟೆನಾ ಕಾಲು ತರಂಗದಷ್ಟು ಉದ್ದ, ಅಂದರೆ ಎಂಟೂವರೆ ಸೆಂ.ಮೀ. ತಂತಿ ಸಾಕು.

ಬರೀ ಚುಚ್ಚಿ ಜೋಡಿಸುವ ಜಂಪರ್ ವೈರು ಡಬ್ಬಿಯೊಳಗೆ ನಿಲ್ಲುವುದಿಲ್ಲ. ಬೆಸುಗೆ ಹಾಕಿ, ದಾರ ಕಟ್ಟಿ, ಆಮೇಲೆ ಡಬ್ಬಿಯನ್ನು ಕೈಯಲ್ಲಿ ಜೋರಾಗಿ ಅಲುಗಾಡಿಸಬೇಕು. ಡೇಟಾ ತುಂಡಾಗದಿದ್ದರೆ ಮಾತ್ರ ಮುಂದಿನ ಮಾತು.

ಒತ್ತಡ ಅಳೆಯುವ ಬಿಎಂಪಿ280 ಸೆನ್ಸರಿನಿಂದ ಲೆಕ್ಕಹಾಕಿದ ಎತ್ತರವನ್ನು ಕಣ್ಣುಮುಚ್ಚಿ ನಂಬಬಾರದು. ಸಮುದ್ರಮಟ್ಟದ ಒತ್ತಡವಾದ 1013.25 ಹೆಕ್ಟೋಪ್ಯಾಸ್ಕಲನ್ನೇ ಕೋಡಿನಲ್ಲಿ ಬಿಟ್ಟರೆ ಕಲಬುರಗಿಯ ನೆಲದ ಮೇಲೆ ಕೂತ ಡಬ್ಬಿಯೂ ಸುಮಾರು 450 ಮೀಟರ್ ತೋರಿಸುತ್ತದೆ. ಇಲ್ಲಿ ಒತ್ತಡದಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸ ಅಂದರೆ ಎತ್ತರದಲ್ಲಿ ಸುಮಾರು 9 ಮೀಟರ್. ಬೆಳಗಿನಿಂದ ಸಂಜೆಯೊಳಗೆ ಒತ್ತಡ ಮೂರು ಇಳಿದರೂ 27 ಮೀಟರ್ ತಪ್ಪು. ಹೀಗಾಗಿ ಡಬ್ಬಿ ಬಿಡುವ ಮುಂಚೆ, ಅಲ್ಲೇ ನಿಂತು, ನೆಲದ ಒತ್ತಡವನ್ನು ಹೊಸದಾಗಿ ಅಳೆಯುವುದು ಜರೂರು. ಡಬ್ಬಿಗೆ ಗಾಳಿಯಾಡುವ ತೂತು ಇಲ್ಲದಿದ್ದರೆ ಅಳತೆ ತಡವಾಗುತ್ತದೆ. ಸೆನ್ಸರು ರೆಗ್ಯುಲೇಟರಿಗೆ ಅಂಟಿಕೊಂಡಿದ್ದರೆ ಅದು ತೋರಿಸುವುದು ಗಾಳಿಯ ಉಷ್ಣತೆಯನ್ನಲ್ಲ, ಬೋರ್ಡಿನದನ್ನು.

ಪ್ಯಾರಾಚೂಟಿಗೆ ಸೂಪರ್ ಮಾರ್ಕೆಟಿನ ಛತ್ರಿ ಬಟ್ಟೆ. 350 ಗ್ರಾಂ ಡಬ್ಬಿ ಸೆಕೆಂಡಿಗೆ 5 ಮೀಟರಿನಂತೆ ಇಳಿಯಬೇಕಾದರೆ, ಎಳೆತದ ಗುಣಾಂಕ (ಗಾಳಿ ಬಟ್ಟೆಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) 0.8 ಹಿಡಿದರೆ, ಲೆಕ್ಕ 60 ಸೆಂ.ಮೀ. ವ್ಯಾಸ ಕೊಡುತ್ತದೆ. ಅದು ಪುಸ್ತಕದಲ್ಲಿ ಹೇಳುವ ಸಮುದ್ರಮಟ್ಟದ ಗಾಳಿಗೆ. ಏಪ್ರಿಲ್ ಮಧ್ಯಾಹ್ನದ ನಮ್ಮ ಗಾಳಿ ತೆಳು, 64 ಬೇಕು. ಪ್ಯಾರಾಚೂಟಿನ ನಡುವೆ ಸಣ್ಣ ತೂತು ಬಿಡದಿದ್ದರೆ ಡಬ್ಬಿ ತೂಗಾಡಿ ಸಿಗ್ನಲ್ ಕಡಿಯುತ್ತದೆ.

ತೊಗರಿ ಎದೆಯೆತ್ತರ ಬೆಳೆದ ತಿಂಗಳಲ್ಲಿ ಬಿದ್ದ ಡಬ್ಬಿಯನ್ನು ಸದ್ದಿನಿಂದ ಹುಡುಕಲು ಬಝರ್ ಇಲ್ಲದೆ ಹೊರಡಬಾರದು. ಜಿಪಿಎಸ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಇರುತ್ತದೆ, ಹೊಲದವರು ಸಾಲು ತುಳಿಯಲು ಬಿಡುವುದಿಲ್ಲ.