‘ದುಡ್ಡು ಕೊಟ್ಟು ಮಾಡಿಸಿದ್ದಲ್ವಾ?’

ಹೌದು. ಅತ್ತೆಯ ಪುಸ್ತಕ ದುಡ್ಡು ಕೊಟ್ಟೇ ಮಾಡಿಸಿದ್ದು. ಒಟ್ಟು 41,300 ರೂಪಾಯಿ. ಇನ್ನು ಕೇಳುವವರಿಗೆ ಇದನ್ನೇ ಕಳಿಸುತ್ತೇನೆ, ಬಾಯಿ ನೋವಾದರೂ ಉಳಿಯುತ್ತದೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, 71ನೇ ವಯಸ್ಸಿನಲ್ಲಿ ತನ್ನ ಮೊದಲ ಕಾದಂಬರಿ ಪ್ರಕಟಿಸಿದಳು. ಶಿರಸಿಯಿಂದ 14 ಕಿಲೋಮೀಟರ್ ಒಳಗೆ ಅವಳ ತೋಟದ ಮನೆ. ಗಂಡ ಯಕ್ಷಗಾನ ಮೇಳದ ಜೊತೆ ಹೋದವನು ಮಳೆ ಹಿಡಿದರೂ ತಿರುಗಿ ಬರಲಿಲ್ಲ, ಆ ಒಂದು ಮಳೆಗಾಲ ತೋಟವನ್ನು ಹೆಂಡತಿ ಹೇಗೆ ನೋಡಿಕೊಂಡಳು ಅನ್ನುವುದು ಕತೆ. ಬರೆದವಳು ಅವಳು. ಟೈಪ್ ಮಾಡಿದ್ದು, ಪ್ರೆಸ್ಸಿಗೆ ಅಲೆದದ್ದು, ಪುಸ್ತಕದ ಕಟ್ಟುಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದದ್ದು ನಾನು. ‘ಪ್ರಕಾಶಕರು’ ಅನ್ನುವ ಜಾಗದಲ್ಲಿ ಅತ್ತೆಯ ಹೆಸರೇ ಇದೆ. ಅಷ್ಟೇ ವಿಷಯ.

ನನಗೆ ಸಿಟ್ಟು ಬರುವುದು ದುಡ್ಡಿನ ಮಾತಿಗಲ್ಲ. ಆ ‘ಮಾಡಿಸಿದ್ದು’ ಅನ್ನುವ ಮಾತಿಗೆ. ರೇಷನ್ ಕಾರ್ಡ್ ಮಾಡಿಸುತ್ತಾರೆ, ಸತ್ಯನಾರಾಯಣ ಕತೆ ಮಾಡಿಸುತ್ತಾರೆ, ಹಲ್ಲು ಸೆಟ್ ಮಾಡಿಸುತ್ತಾರೆ. ಅತ್ತೆ ಹಲ್ಲು ಸೆಟ್ಟನ್ನೂ ಮಾಡಿಸಿದ್ದಾಳೆ, ಅದಕ್ಕೆ ಎಷ್ಟು ಖರ್ಚಾಯ್ತು, ದುಡ್ಡು ವಾಪಸ್ ಬಂತಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹೋದ ಮೇ ತಿಂಗಳಲ್ಲಿ ಒಂದು ಮದುವೆ. ಮೊದಲನೇ ಪಂಕ್ತಿ, ಹೋಳಿಗೆ ಬಂದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ನನ್ನಿಂದ ನಾಲ್ಕು ಬಾಳೆ ಆಚೆ ಕೂತಿದ್ದ ಭಾವ, ಮದುಮಗಳ ಅಪ್ಪನಿಗೆ ಖಾಸಾ ತಮ್ಮ, ಇಡೀ ಪಂಕ್ತಿಗೆ ಕೇಳುವ ಹಾಗೆ, "ತಮಾ, ಅತ್ತೆ ಪುಸ್ತಕ ದುಡ್ಡು ಕೊಟ್ಟು ಮಾಡ್ಸಿದ್ದಡ, ಹೌದನೋ?" ಅಂದ. ಎದುರಿನ ಸಾಲಿನಲ್ಲೇ ಅತ್ತೆ ಕೂತಿದ್ದಾಳೆ. ನನ್ನ ಬಾಯಲ್ಲಿ ಹೋಳಿಗೆ. ಹೇಳಬೇಕಾದ್ದು ಬಹಳ ಇತ್ತು, ಒಂದೂ ಹೊರಗೆ ಬರಲಿಲ್ಲ.

ಅತ್ತೆಯೇ ಹೇಳಿದಳು. "ಹೌದು. ಕಾಳುಮೆಣಸಿನ ದುಡ್ಡು. ಆ ವರ್ಷ ರೇಟ್ ಅಡ್ಡಿಲ್ಲೆ ಇತ್ತು." ಹೇಳಿ ಅಪ್ಪೆಹುಳಿ ತಂದವನಿಗೆ ಕೈ ಒಡ್ಡಿದಳು.

ನನ್ನ ಉತ್ತರ ಹುಟ್ಟಿದ್ದು ರಾತ್ರಿ ಬೈಕಿನಲ್ಲಿ ಬರುವಾಗ, ಹೆಲ್ಮೆಟ್ ಒಳಗೆ. ಭಾವಾ, ಈ ಮದುವೆಗೆ ನೀವು 900 ಕರೆಯೋಲೆ ಅಚ್ಚು ಹಾಕಿಸಿದಿರಲ್ಲ, ಅದೇ ಪ್ರೆಸ್ಸಿನಲ್ಲಿ, ಗಣಪತಿಗೆ ಬಂಗಾರದ ಬಣ್ಣ ಬೇರೆ, ಅದರ ದುಡ್ಡು ವಾಪಸ್ ಬಂತಾ? ಅದನ್ನು ಎರಡನೇ ಸಲ ಓದಿದವರು ಯಾರಾದರೂ ಇದ್ದಾರಾ? ಆಮೇಲೆ ಗಳಗನಾಥರ ವಿಷಯ. ಕನ್ನಡದಲ್ಲಿ ಕಾದಂಬರಿ ಓದುವ ಅಭ್ಯಾಸ ಹಚ್ಚಿದ ಮನುಷ್ಯ ತನ್ನ ಪುಸ್ತಕಗಳ ಗಂಟನ್ನು ತಾನೇ ಹೊತ್ತು ಊರೂರು ತಿರುಗಿ ಮಾರಿದ್ದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರೆಸ್ ಇಟ್ಟು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದರು. ಅವರಿಗೆ ಪಂಕ್ತಿಯಲ್ಲಿ ಯಾರು ಏನು ಕೇಳಿದರೋ! ಅತ್ತೆಯನ್ನು ಕಾರಂತರ ಸಾಲಿಗೆ ಸೇರಿಸುತ್ತಿಲ್ಲ, ಹೆದರಬೇಡಿ. ಕೈಯಿಂದ ದುಡ್ಡು ಹಾಕಿ ಪುಸ್ತಕ ತರುವುದು ಕನ್ನಡದಲ್ಲಿ ನಿನ್ನೆ ಮೊನ್ನೆ ಶುರುವಾದ ನಾಚಿಕೆಗೇಡಲ್ಲ ಅಂತ ಹೇಳುತ್ತಿದ್ದೇನೆ.

ಸರಿ, ಲೆಕ್ಕ ಬೇಕಲ್ವಾ, ತಗೊಳ್ಳಿ. 192 ಪುಟ, ಅಂದರೆ 16 ಪುಟದ 12 ಫಾರ್ಮು. 1/8 ಡೆಮಿ ಸೈಜು, 70 ಜಿಎಸ್‌ಎಂ ಕಾಗದ, 300 ಪ್ರತಿ. ಮುದ್ರಣ, ಬೈಂಡಿಂಗ್ 34,500. ಮುಖಪುಟ ಬರೆದ ಹುಡುಗನಿಗೆ 4,000. ಪ್ರೂಫ್ ಪ್ರಿಂಟಿಗೆ 1,300, ಅಂಚೆ ಮತ್ತು ಸಾಗಾಟ 1,500. ಟೈಪಿಂಗ್ ಪುಕ್ಕಟೆ, ಯಾಕೆಂದರೆ ನಾನು ಪುಕ್ಕಟೆ. ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿಟ್ಟಿದ್ದೆ, ಪ್ರೆಸ್ಸಿನವರಿಗೆ ‘ನುಡಿ’ ತಂತ್ರಾಂಶದ ಅಕ್ಷರ ಬೇಕಿತ್ತು, ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಪಕ್ಕದ ಮನೆಗೆ ಹೋಗಿ ಕೂತವು. ಅವನ್ನು ಒಂದೊಂದಾಗಿ ಕರೆದು ತರಲು ಹನ್ನೊಂದು ರಾತ್ರಿ ಹಿಡಿಯಿತು. ಆ ಕೂಲಿ ಈ ಲೆಕ್ಕದಲ್ಲಿ ಇಲ್ಲ.

ಇದಕ್ಕೆ ಮೊದಲು ಒಂದು ಕಂಪನಿಯವರು ಫೋನಿನಲ್ಲಿ 65,000ದ ಪ್ಯಾಕೇಜ್ ಹೇಳಿದ್ದರು, ನೂರೇ ಪ್ರತಿಗೆ. ಅದರಲ್ಲಿ ಐಎಸ್‌ಬಿಎನ್‌ಗೆ ಅಂತಲೇ 2,000. ಪುಸ್ತಕದ ಗುರುತಿಗೆ ಹಾಕುವ ಆ ನಂಬರನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಬರೆದವರೇ ಅರ್ಜಿ ಹಾಕಬಹುದು. ಇದೊಂದನ್ನು ದಯವಿಟ್ಟು ನೆನಪಿಡಿ, ಉಳಿದದ್ದು ಮರೆತರೂ ಅಡ್ಡಿಲ್ಲ. ಸರಕಾರದ ಸಹಾಯ ಸಿಗುವುದಿಲ್ವಾ ಅಂತ ಕೇಳುವವರಿಗೆ: ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಒಂದು ಯೋಜನೆ ಇದೆ. ಅತ್ತೆಯದು ಚೊಚ್ಚಲ ಕೃತಿ ಹೌದು. ಇನ್ನರ್ಧಕ್ಕೆ ಏನು ಮಾಡುವುದು?

ಬೆಲೆ 200 ಇಟ್ಟೆವು. ಗೌರವ ಪ್ರತಿ ಅಂತ 61 ಹೋದವು, ಅಂದರೆ ಕೊಂಡುಕೊಳ್ಳುವ ಶಕ್ತಿ ಇರುವ 61 ನೆಂಟರಿಗೆ. ನಾಲ್ಕು ಪ್ರತಿ, ಅಚ್ಚಾದ ಪುಸ್ತಕ ಕಳಿಸಲೇಬೇಕು ಅನ್ನುವ 1954ರ ಕಾಯಿದೆ ಪ್ರಕಾರ, ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಅಂಚೆಯಲ್ಲಿ ಹೋದವು. ತನ್ನ ಪುಸ್ತಕ ಕಲ್ಕತ್ತೆಗೆ ಹೋಯ್ತು ಅಂತ ಅತ್ತೆ ವಾರವಿಡೀ ಹೇಳಿಕೊಂಡಳು, ಕಾಯಿದೆಯ ಸುದ್ದಿ ನಾನು ಎತ್ತಲಿಲ್ಲ. ನೇರವಾಗಿ ಮಾರಿದ್ದು 113. ಅಂಗಡಿಯಲ್ಲಿ ಹೋದದ್ದು 48, ಅಂಗಡಿಯವರ ನಲವತ್ತು ಪರ್ಸೆಂಟ್ ಕಳೆದು ಕೈಗೆ 120ರಂತೆ ಬಂತು. ಒಟ್ಟು 28,360. ಕಡಿಮೆ ಬಿದ್ದದ್ದು 12,940. ಉಳಿದ 74 ಪ್ರತಿ ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಇವೆ, ಕೆಳಗಿಟ್ಟರೆ ನಮ್ಮ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಈಗ ಕೊಂಡವರಿಗೆ ಚಾಲಿ ಅಡಿಕೆ ವಾಸನೆ ಉಚಿತ.

ಇನ್ನು, ಯಾರೂ ಕೇಳದ ಒಂದು ಪ್ರಶ್ನೆ ಇದೆ. ‘ನೀನು ಅದರಲ್ಲಿ ಏನೇನು ಹಾಳು ಮಾಡಿದೆ?’ ಅಂತ. ಇದಕ್ಕೆ ಉತ್ತರ ಹೇಳಲು ನನಗೆ ನಿಜವಾಗಲೂ ಇಷ್ಟ.

ಅತ್ತೆ ಬರೆದದ್ದು ಸೊಸೈಟಿಯವರು ವರ್ಷ ವರ್ಷ ಕೊಡುವ ಡೈರಿಗಳಲ್ಲಿ. ಹೆಚ್ಚುಕಮ್ಮಿ ಖಾಲಿ ಬಿದ್ದಿದ್ದ ಹಳೇ ಡೈರಿಗಳು, ಒಟ್ಟು ಏಳು. ಅವುಗಳಲ್ಲಿ ಪಾತ್ರಗಳೆಲ್ಲ ನಮ್ಮ ಹವ್ಯಕ ಮಾತಲ್ಲೇ ಮಾತಾಡುತ್ತಿದ್ದವು. ನಾನು ಶಾಣ್ಯಾ ಅಲ್ವಾ, ಬೆಂಗಳೂರಿನವರಿಗೆ, ಮೈಸೂರಿನವರಿಗೆ ತಿಳಿಯಲಿ ಅಂತ ಟೈಪ್ ಮಾಡುತ್ತಲೇ ತಿದ್ದಿದೆ. "ಸಕ್ಕರೆ ಇಲ್ಲೆ. ಬೆಲ್ಲದ ಕಷಾಯ ಅಡ್ಡಿಲ್ಯ?" ಅಂತ ಇದ್ದದ್ದು "ಸಕ್ಕರೆ ಇಲ್ಲ. ಬೆಲ್ಲದ ಕಷಾಯ ಆಗಬಹುದೇ?" ಅಂತ ಆಯ್ತು. ಪ್ರೂಫ್ ಕೊಟ್ಟು ಬಂದೆ. ಮೂರನೇ ದಿನ ಫೋನ್. "ತಮಾ, ಈ ‘ಆಗಬಹುದೇ’ ಹೇಳುವವಳು ನಮ್ಮನೆ ಒಲೆ ಮುಂದೆ ಎಂತಕ್ಕೆ ಕೂತಿದ್ದಾಳೆ? ಅವಳನ್ನ ಕಚೇರಿಗೆ ಕಳಿಸು." ಎಲ್ಲ ಮಾತನ್ನೂ ಮೊದಲಿನ ಹಾಗೆ ಮಾಡಿದೆ. ಆಮೇಲೆ ನೆನಪಾಯ್ತು, ಹೊನ್ನಾವರದ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಲ್ಲೇ ನಾಟಕದಲ್ಲಿ ಹವ್ಯಕರನ್ನು ಹವ್ಯಕರ ಹಾಗೇ ಮಾತಾಡಿಸಿದ್ದರು. ಅಷ್ಟು ವರ್ಷ ಆದಮೇಲೆ ನಾನು ಬಂದು ಅವರ ಬಾಯಿ ತೊಳೆಯಲು ಹೊರಟಿದ್ದೆ.

ಇದು ತಿದ್ದಿ ಹಾಳು ಮಾಡಿದ್ದು. ತಿದ್ದದೆ ಹಾಳು ಮಾಡಿದ್ದು ಇನ್ನೊಂದು, ಅದು ಅಚ್ಚಾಗಿಯೇ ಹೋಯಿತು. 117ನೇ ಪುಟ. ಕೊಳೆ ರೋಗಕ್ಕೆ ಅಡಿಕೆ ಉದುರುತ್ತಾ ಇದೆ, ರಾತ್ರಿ, ಮಳೆ, ಕತೆಯ ಹೆಂಡತಿ ಲಾಟೀನು ಹಿಡಿದು ಮರದ ಬುಡದಲ್ಲಿ ನಿಂತಿದ್ದಾಳೆ. ಮುಂದಿನ ಸಾಲು: ‘ಕೊನೆಗೌಡನಿಗೆ 1,850 ಕೊಡುವುದು ಬಾಕಿ.’ ಅದಾದ ಮೇಲೆ ಮತ್ತೆ ಮಳೆ.

ಅದು ಕಾದಂಬರಿಯ ಸಾಲಲ್ಲ. ಅಡಿಕೆ ಕೊನೆ ಕೊಯ್ಯುವವನಿಗೆ ಕೊಡಬೇಕಾದ ದುಡ್ಡಿನ, ಡೈರಿಯಲ್ಲಿ ಮೊದಲೇ ಬರೆದಿಟ್ಟ ಲೆಕ್ಕ. ಅತ್ತೆ ಅದರ ಸುತ್ತ ಜಾಗ ಬಿಟ್ಟು ಕತೆ ಬರೆದಿದ್ದಳು, ನಾನು ಕಣ್ಣು ಮುಚ್ಚಿಕೊಂಡು ಸೇರಿಸಿ ಟೈಪ್ ಮಾಡಿದೆ, ಪ್ರೂಫಿನಲ್ಲಿ ಇಬ್ಬರಿಗೂ ಕಾಣಲಿಲ್ಲ. ಪುಸ್ತಕ ಬಂದ ಮೇಲೆ ಕುಮಟೆಯಿಂದ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿ, ಇಡೀ ಕಾದಂಬರಿಯಲ್ಲಿ ತಮಗೆ ಬಹಳ ಹಿಡಿಸಿದ್ದು ಆ ಒಂದು ಸಾಲು ಅಂದರು, ಅಷ್ಟು ದುಃಖದ ನಡುವೆಯೂ ಸಾಲ ನೆನಪಾಗುತ್ತದಲ್ಲ, ಅದೇ ಬದುಕು ಅಂದರು. ನಾನು ಹೌದು ಸರ್ ಅಂದೆ. ಮತ್ತೇನು ಹೇಳಲಿ?

ಕೊನೆ ಕೊಯ್ಯಲು ಬರುತ್ತಿದ್ದ ಗೌಡ ಈಗಿಲ್ಲ. ಅವನ ಮಗ ಶಿರಸಿಯಲ್ಲಿ ಟೆಂಪೋ ಓಡಿಸುತ್ತಾನೆ. ಆ 113 ಪ್ರತಿಗಳಲ್ಲಿ ಒಂದನ್ನು ಕೊಂಡವನು ಅವನು, ಚೌಕಾಶಿ ಮಾಡದೆ 200 ಕೊಟ್ಟು. ಹೋದ ಕೊಯ್ಲಿನ ಹೊತ್ತಿಗೆ ಒಂದು ದಿನ ಬಂದು ಜಗಲಿಯಲ್ಲಿ ಕೂತು, ನಗುತ್ತಲೇ ಕೇಳಿದ, "ಅಮ್ಮಾ, ನಮ್ಮ ಅಪ್ಪಂಗೆ ಆ ದುಡ್ಡು ಆಮೇಲೆ ಕೊಟ್ರಾ?"

ಅತ್ತೆ ನಗಲಿಲ್ಲ. ಏಳೂ ಡೈರಿ ತರಿಸಿದಳು. ನಾನೂ ಅವಳೂ ಒಂದು ತಾಸು ಹುಡುಕಿದೆವು. ಕೊಟ್ಟದ್ದಕ್ಕೆ ಅವಳು ಯಾವಾಗಲೂ ಗೀಟು ಹೊಡೆಯುತ್ತಾಳೆ, ಅದಕ್ಕೊಂದಕ್ಕೆ ಗೀಟು ಇರಲಿಲ್ಲ. ಮರೆತಿರಬೇಕು ಅಷ್ಟೇ, ನಾನು ತಮಾಷೆಗೆ ಕೇಳಿದ್ದು ಅಂತ ಅವನು ಎದ್ದೇ ಬಿಟ್ಟ. ಅತ್ತೆ ಒಳಗೆ ಹೋಗಿ ದುಡ್ಡು ಎಣಿಸಿಕೊಂಡು ಬಂದು ಅವನ ಕೈಯಲ್ಲಿಟ್ಟಳು. "ತಗ. ಅಚ್ಚಾಗಿ ಹೋಗಿದೆ, ಇನ್ನು ಕೊಡದೇ ಇದ್ದರೆ ಆಗ್ತಿಲ್ಲೆ."

ಹಾಗಾಗಿ ಮೇಲೆ ಹೇಳಿದ 12,940ಕ್ಕೆ ಇನ್ನೊಂದು 1,850 ಸೇರಿಸಿಕೊಳ್ಳಿ. 14,790. ಭಾವನಿಗೂ ಯಾರಾದರೂ ತಿಳಿಸಿಬಿಡಿ.