ತೋರಣಗಲ್ಲಿನಲ್ಲಿ ನಮ್ಮ ಗಾಡಿ ಏಕೆ ನಿಲ್ಲುತ್ತದೆ

ಹೊಸಪೇಟೆಯಿಂದ ಬಳ್ಳಾರಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುವ ನಮ್ಮಂಥವರಿಗೆ ತೋರಣಗಲ್ಲು, ಕುಡತಿನಿಯ ಆಸುಪಾಸಿನಲ್ಲಿ ಗಾಡಿ ನಿಂತುಬಿಡುವುದು ಹೊಸತಲ್ಲ. ನಿಂತು ಹತ್ತು ನಿಮಿಷವಾಗುವಷ್ಟರಲ್ಲಿ ಬೋಗಿಯಲ್ಲಿ ಯಾರಾದರೊಬ್ಬರು ‘ಗೂಡ್ಸ್ ಬಿಡಾಕತ್ಯಾರ ನೋಡ್ರಿ, ನಮ್ದೇನು ಕೇಳ್ತಾರ?’ ಎನ್ನುತ್ತಾರೆ. ಕೆಲಸದ ವೇಳೆ ತಪ್ಪುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ನಿಲುಗಡೆಯ ಹಿಂದೆ ಇರುವ ಲೆಕ್ಕವನ್ನು ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ, ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮನ್ನು ದಾಟಿ ಹೋಗುವ ಗೂಡ್ಸ್ ಗಾಡಿಗಳಲ್ಲಿ ಹೆಚ್ಚಿನವು ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನುಗಳ ರೇಕುಗಳು, ಅಂದರೆ ಒಂದಕ್ಕೊಂದು ಜೋಡಿಸಿದ ವ್ಯಾಗನ್ನುಗಳ ಪೂರ್ತಿ ಸಾಲುಗಳು. ಒಂದು ರೇಕಿಗೆ ಸಾಮಾನ್ಯವಾಗಿ 58 ವ್ಯಾಗನ್. ತುಂಬಿದಾಗ ಒಂದೊಂದರ ತೂಕ 81 ಟನ್ನಿಗೂ ಮಿಗಿಲು, ಅಂದರೆ ಇಡೀ ಗಾಡಿಯದು 4,700 ಟನ್ ದಾಟುತ್ತದೆ. ಮೇಲ್ಸೇತುವೆಯ ಮೇಲೆ ನಿಂತು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕಲ್ಲಿದ್ದಲಿನ ವ್ಯಾಗನ್ ಅಂಚಿನವರೆಗೆ ತುಂಬಿ ಮೇಲೆ ಗುಡ್ಡೆ ಕಟ್ಟಿರುತ್ತದೆ; ಸಂಡೂರಿನ ಕಡೆಯ ಅದಿರು ಹೊತ್ತದ್ದರಲ್ಲಿ ಮಾತ್ರ ಕೆಂಪು ರಾಶಿ ಅರ್ಧದಷ್ಟಕ್ಕೇ ನಿಂತಿರುತ್ತದೆ, ಪ್ಲಾಟ್‌ಫಾರ್ಮಿನಿಂದ ನೋಡುವವರಿಗೆ ವ್ಯಾಗನ್ ಖಾಲಿಯೇ ಅನ್ನಿಸುತ್ತದೆ. ಅದಿರು ಅಷ್ಟು ಭಾರ. ಜಾಗ ತುಂಬುವ ಮೊದಲೇ ತೂಕದ ಮಿತಿ ಮುಟ್ಟಿಬಿಡುತ್ತದೆ.

ಇಷ್ಟು ಭಾರದ ಗಾಡಿಯನ್ನು ಒಮ್ಮೆ ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಹಗುರದ ಕೆಲಸವಲ್ಲ. ಎಂಜಿನ್ನಿನಿಂದ ಕೊನೆಯ ವ್ಯಾಗನ್ನಿನವರೆಗೆ ಹಾದಿರುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರಬೇಕು. ಆ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಏರಿದರೆ ಬಿಡುತ್ತದೆ. ಅರ್ಧ ಕಿಲೋಮೀಟರಿಗೂ ಉದ್ದವಾದ ಪೈಪಿನಲ್ಲಿ ಗಾಳಿ ಮತ್ತೆ ತುಂಬಿ, ಹಿಂದಿನ ವ್ಯಾಗನ್ನುಗಳ ಬ್ರೇಕೂ ಬಿಡುವವರೆಗೆ ಲೋಕೋ ಪೈಲಟ್ ಕಾಯಲೇಬೇಕು. ಅವಸರಪಟ್ಟು ಎಳೆದರೆ ವ್ಯಾಗನ್ನುಗಳನ್ನು ಜೋಡಿಸುವ ಕಪ್ಲಿಂಗ್ ತುಂಡಾಗುವ ಅಪಾಯವಿದೆ. 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್ ಇರಲಿ, 6,000 ಅಶ್ವಶಕ್ತಿ ಮೀರಿದ ಡಬ್ಲ್ಯೂಎಜಿ-9 ವಿದ್ಯುತ್ ಎಂಜಿನ್ ಇರಲಿ, ವೇಗ ಹಿಡಿಯಲು ಹೊತ್ತು ಬೇಕೇ ಬೇಕು. ಸ್ಟೇಷನ್ನಿನಲ್ಲಿ ಮೈನ್ ಲೈನಿನ ಪಕ್ಕಕ್ಕೆ ಗಾಡಿ ನಿಲ್ಲಿಸಲು ಇರುವ ಲೂಪ್ ಲೈನಿಗೆ ತಿರುಗಿಸುವುದಾದರೂ ಗಂಟೆಗೆ 30 ಕಿಲೋಮೀಟರಿನಲ್ಲಿ, ಕೆಲವೆಡೆ ಇನ್ನೂ ನಿಧಾನವಾಗಿ ಒಳಬರಬೇಕು. ಆ ವೇಗದಲ್ಲಿ 650 ಮೀಟರ್ ಉದ್ದದ ಗಾಡಿ ತನ್ನ ಬಾಲವನ್ನು ಒಳಗೆ ಎಳೆದುಕೊಳ್ಳಲು ಒಂದು ನಿಮಿಷದ ಮೇಲೆ ಹಿಡಿಯುತ್ತದೆ. ಓಡುತ್ತಿರುವ ಗೂಡ್ಸನ್ನು ನಿಲ್ಲಿಸುವುದಕ್ಕಿಂತ, ಹೇಗೂ ಸ್ಟೇಷನ್ನಿನಲ್ಲಿ ನಿಂತಿರುವ ನಮ್ಮ ಗಾಡಿಯನ್ನು ತುಸು ತಡೆದು ಅದನ್ನು ಸಾಗಹಾಕುವುದು ಕೆಲವೊಮ್ಮೆ ಇಡೀ ಸೆಕ್ಷನ್ನಿಗೇ ಲಾಭ ಎಂದು, ಆ ಮಾರ್ಗದ ಗಾಡಿಗಳ ಓಡಾಟವನ್ನು ನಿಯಂತ್ರಿಸುವ ಕಂಟ್ರೋಲರ್ ಲೆಕ್ಕ ಹಾಕುವುದು ಇದರಿಂದಲೇ.

ಪ್ಲಾಟ್‌ಫಾರ್ಮಿನಲ್ಲಿ ಕಾಯುವವರು ಇದನ್ನು ಸಿಗ್ನಲ್ ನೋಡಿಯೇ ಊಹಿಸಬಹುದು. ನಮ್ಮ ಲೈನಿನ ಸ್ಟಾರ್ಟರ್, ಅಂದರೆ ಗಾಡಿ ಹೊರಡಲು ಅನುಮತಿ ಕೊಡುವ ಸಿಗ್ನಲ್, ಕೆಂಪಿದ್ದು, ಪಕ್ಕದ ಮೈನ್ ಲೈನಿನದು ಹಸಿರಾಗಿದ್ದರೆ ಹಿಂದಿನಿಂದ ಬರುವ ಗಾಡಿ ನಿಲ್ಲದೆ ಮುಂದೆ ಹೋಗುತ್ತದೆಂದೇ ಅರ್ಥ. ಅದು ದಾಟಿದ ಮಾತ್ರಕ್ಕೆ ನಮಗೆ ಹಸಿರು ಸಿಗುವುದಿಲ್ಲ. ಎರಡು ಸ್ಟೇಷನ್ನುಗಳ ನಡುವೆ ಒಂದು ಲೈನಿನಲ್ಲಿ ಒಂದೇ ಗಾಡಿ ಎಂಬ ಬ್ಲಾಕ್ ಪದ್ಧತಿ ಇರುವಲ್ಲಿ, ಗೂಡ್ಸು ಮುಂದಿನ ಸ್ಟೇಷನ್ ಸೇರಿ, ಅಲ್ಲಿನ ಸ್ಟೇಷನ್ ಮಾಸ್ಟರ್ ಲೈನ್ ಕ್ಲಿಯರ್, ಅಂದರೆ ಮುಂದಿನ ಗಾಡಿ ಬಿಡಲು ಒಪ್ಪಿಗೆ, ಕೊಟ್ಟ ಮೇಲೆಯೇ ನಮ್ಮ ಸರದಿ. ಬ್ಲಾಕ್ 10 ಕಿಲೋಮೀಟರ್ ಇದ್ದು ಗೂಡ್ಸಿನ ವೇಗ 60 ಇದ್ದರೂ ಅಲ್ಲಿಗೆ ಹತ್ತು ನಿಮಿಷ ಹೋಯಿತು. ಎರಡು ಲೈನ್ ಆದ ಮೇಲೆ ಎದುರು ಗಾಡಿಗಾಗಿ ಕಾಯುವ ಕ್ರಾಸಿಂಗಿನ ಕಾಟ ತಪ್ಪಿತಾದರೂ, ಈ ಹಿಂದೆ-ಮುಂದೆ ಮಾಡುವ ಕಾಟ ತಪ್ಪಲಿಲ್ಲ. ಸರಕು ತುಂಬುವ, ಇಳಿಸುವ ಸೈಡಿಂಗ್ ಒಂದು ಬದಿಗಿದ್ದು, ಗಾಡಿ ಆಚೆ ಬದಿಯ ಲೈನಿಗೆ ಹೋಗಬೇಕಾದರೆ ಈಚೆಯ ಲೈನನ್ನು ಅಡ್ಡ ಹಾಯಲೇಬೇಕು. ಅಷ್ಟು ಹೊತ್ತು ಎರಡೂ ಲೈನುಗಳು ಕಟ್ಟಿಹಾಕಿದಂತೆಯೇ.

ಈ ಒತ್ತಡ ನಮ್ಮ ಜಿಲ್ಲೆಯಲ್ಲಿ ಏಕಿಷ್ಟು ಎಂದರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಕುಡತಿನಿಯ ಶಾಖೋತ್ಪನ್ನ ಸ್ಥಾವರಕ್ಕೂ ಕಲ್ಲಿದ್ದಲು ಬೇಕು, ಅದಿರು ಗುಡ್ಡದಿಂದ ಇಳಿಯಬೇಕು, ಉಕ್ಕು ಹೊರಗೆ ಹೋಗಬೇಕು. ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಕುಳೆಯಿಂದ ಕ್ಯಾಸಲ್‌ರಾಕಿನವರೆಗೆ, 37 ಅಡಿಗೆ ಒಂದು ಅಡಿ ಏರುವ ಘಟ್ಟವನ್ನು ಹತ್ತಿ ಬರುತ್ತದೆ. ಮುಂದಿನಿಂದ ಎಳೆಯುವ ಎಂಜಿನ್ನುಗಳು ಸಾಲದೆ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್ನುಗಳನ್ನೂ ಹಚ್ಚುತ್ತಾರೆ. ಅಲ್ಲಿ ಒಂದು ರೇಕು ತಡವಾದರೆ ಅದರ ಬಿಸಿ ಇಲ್ಲಿಯ ಕಂಟ್ರೋಲರ್ ಮೇಜಿಗೂ ಮುಟ್ಟುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದದ್ದನ್ನು ಕಂಡವರಿಗೆ, ಈ ರೇಕುಗಳಿಗೂ ಊರಿನ ಅನ್ನಕ್ಕೂ ಇರುವ ನಂಟನ್ನು ವಿವರಿಸಬೇಕಿಲ್ಲ.

ಹಾಗೆಂದು ಪ್ರಯಾಣಿಕರು ಬಾಯಿ ಮುಚ್ಚಿ ಕೂರಬೇಕೆಂದು ನಾನು ಹೇಳುವುದಿಲ್ಲ. ನಿಯಮದಂತೆ ಪ್ರಯಾಣಿಕರ ಗಾಡಿಗೇ ಮೊದಲ ಹಕ್ಕು. ಬೆಳಗ್ಗೆ ಕೆಲಸಕ್ಕೆ ಹೋಗುವ ಮತ್ತು ಸಂಜೆ ಮರಳುವ ಹೊತ್ತಿನಲ್ಲಾದರೂ ಆ ಹಕ್ಕನ್ನು ಕಟ್ಟುನಿಟ್ಟಾಗಿ ಕಾಯಬೇಕು, ಸರಕು ಇಷ್ಟು ದಟ್ಟವಾಗಿರುವ ಕಡೆ ಮೂರನೆಯ ಲೈನ್ ಬೇಕು. ಅದಕ್ಕೆ ವರ್ಷಗಳು ಹಿಡಿಯಬಹುದು. ಆದರೆ ಯಾವ ಗಾಡಿಯನ್ನು ಮುಂದೆ ಬಿಡಬೇಕೆಂಬ ಸೂಚನೆ ಕಂಟ್ರೋಲಿನಿಂದ ಸ್ಟೇಷನ್ ಮಾಸ್ಟರಿಗೆ ಮೊದಲೇ ಬಂದಿರುತ್ತದೆ. ‘ಗೂಡ್ಸ್ ಗಾಡಿ ಮುಂದೆ ಹೋಗಲಿದೆ, ನಿಮ್ಮ ಗಾಡಿ ಇನ್ನು ಹದಿನೈದು ನಿಮಿಷಕ್ಕೆ ಹೊರಡುತ್ತದೆ’ ಎಂದು ಮೈಕಿನಲ್ಲಿ ಹೇಳಿದರೆ, ಪಾಳಿಗೆ ಹೊರಟವರು ಮೇಲ್ವಿಚಾರಕರಿಗೆ ಫೋನ್ ಮಾಡಿಕೊಳ್ಳುತ್ತಾರೆ, ಆಸ್ಪತ್ರೆಗೆ ಹೊರಟವರು ಇಳಿದು ಬಸ್ಸು ಹಿಡಿಯುತ್ತಾರೆ. ಇದಕ್ಕೆ ಹೊಸ ಹಳಿಯೂ ಬೇಡ, ಹೊಸ ಸಿಗ್ನಲ್ಲೂ ಬೇಡ.